ನಿಲುವಂಗಿ ತೊಟ್ಟ ವಿಜ್ಞಾನಿ

ಮೈಮೇಲೆ ಪಾದ್ರಿಯ ನಿಲುವಂಗಿ, ಕೈಯಲ್ಲಿ ಐನ್‌ಸ್ಟೀನರ ಸಮೀಕರಣ! ಬೆಲ್ಜಿಯಂನ ಜಾರ್ಜ್ ಲೆಮೇತ್ರ್ 1923ರಲ್ಲಿ ಗುರುದೀಕ್ಷೆ ಪಡೆದವರು. ವಿಶ್ವ ಹಿಗ್ಗುತ್ತಿದೆಯೆಂದು 1927ರಲ್ಲಿ ಲೆಕ್ಕಹಾಕಿ ತೋರಿಸಿದರು. ಎಲ್ಲವೂ ಒಂದು ‘ಆದಿ ಪರಮಾಣು’ವಿನಿಂದ ಹೊರಟಿತೆಂದು 1931ರಲ್ಲಿ ಸೂಚಿಸಿದರು. ಪಾದ್ರಿಯ ಬಾಯಲ್ಲಿ ಇಂಥ ಮಾತು ಬಂದರೆ ಕೇಳಬೇಕೆ? ಬೈಬಲಿನ ಸೃಷ್ಟಿಕಥೆಯನ್ನೇ ಹಿಂಬಾಗಿಲಿನಿಂದ ತರುತ್ತಿದ್ದಾರೆಂಬ ಗುಮಾನಿ ಕೆಲವು ವಿಜ್ಞಾನಿಗಳಿಗೆ. ಅದಕ್ಕಂಜಿ ಅವರು ನಿಲುವಂಗಿ ಕಳಚಲಿಲ್ಲ, ಸಿದ್ಧಾಂತವನ್ನೂ ಕೈಬಿಡಲಿಲ್ಲ.

ಸೋಜಿಗವೆಂದರೆ, 1951ರಲ್ಲಿ ಸ್ವತಃ ಪೋಪ್ ಹನ್ನೆರಡನೇ ಪಯಸ್ ಹೊಸ ಖಗೋಳವಿಜ್ಞಾನದಲ್ಲಿ ಸೃಷ್ಟಿಯ ಸಾಕ್ಷ್ಯ ಕಂಡಾಗ ಕಸಿವಿಸಿಗೊಂಡವರೂ ಇವರೇ. ಭೌತವಿಜ್ಞಾನದ ಊಹೆಗೆ ದೇವರನ್ನು ಗಂಟುಹಾಕುವುದು ಅವರಿಗೆ ಒಪ್ಪಿಗೆಯಿರಲಿಲ್ಲ. (ನಾಳೆ ಊಹೆ ಬಿದ್ದುಹೋದರೆ?) ಹಾಗೆಂದು ಅವರ ಪ್ರಾರ್ಥನೆಯೇನೂ ನಿಲ್ಲಲಿಲ್ಲ.

ಆದಿ ವಿಶ್ವದಿಂದ ಉಳಿದುಬಂದ ವಿಕಿರಣ ಪತ್ತೆಯಾಗಿದೆಯೆಂಬ ಸುದ್ದಿ 1966ರಲ್ಲಿ, ಅವರು ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ, ಕಿವಿಗೆ ಬಿತ್ತು.