ಅಣುಗಳ ಸೆಳೆತವನ್ನು ಅಳೆದ ಉಪಾಧ್ಯಾಯ

ಗೋಡೆಯ ಮೇಲೆ ಹರಿದಾಡುವ ಹಲ್ಲಿಯನ್ನು ನಾವು ದಿನವೂ ನೋಡುತ್ತೇವೆ. ಅದು ಲೊಚಗುಟ್ಟಿದರೆ ಶಕುನವನ್ನು ವಿಚಾರಿಸುವವರುಂಟು. ಅದು ಕೆಳಕ್ಕೆ ಬೀಳದಿರುವುದೇಕೆಂದು ವಿಚಾರಿಸುವವರು ವಿರಳ. ಅದರ ಪಾದದಲ್ಲಿ ಅಂಟಿಲ್ಲ. ಅಲ್ಲಿನ ಅಸಂಖ್ಯಾತ ಸೂಕ್ಷ್ಮರೋಮಗಳ ಅಣುಗಳಿಗೂ ಗೋಡೆಯ ಅಣುಗಳಿಗೂ ನಡುವಣ ಅಲ್ಪ ಸೆಳೆತವೇ ಬಹುಮಟ್ಟಿಗೆ ಅದನ್ನು ಹಿಡಿದು ನಿಲ್ಲಿಸುತ್ತದೆಂದು 2002ರಲ್ಲಿ ಪ್ರಕಟವಾದ ಪ್ರಯೋಗಗಳು ಸೂಚಿಸಿದುವು. ಇಂಥ ಸೆಳೆತಕ್ಕೆ ವಾನ್ ಡರ್ ವಾಲ್ಸ್ ಬಲವೆಂದು ಹೆಸರು. ಆ ಹೆಸರಿನ ಮಹನೀಯನ ವಿದ್ಯಾಜೀವನವನ್ನು ಕುರಿತು ಈ ದಿನ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಯೋಹಾನೆಸ್ ಡೀಡೆರಿಕ್ ವಾನ್ ಡರ್ ವಾಲ್ಸ್ 1837ರಲ್ಲಿ ಹಾಲೆಂಡಿನ ಲೈಡನ್ ಪಟ್ಟಣದಲ್ಲಿ ಒಬ್ಬ ಬಡಗಿಯ ಮಗನಾಗಿ ಜನಿಸಿದನು. ಹತ್ತು ಮಕ್ಕಳಲ್ಲಿ ಹಿರಿಯನು. ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ಕಲಿಸುವ ಶಾಲೆ ಆ ಮನೆಯ ಮಕ್ಕಳಿಗೆ ಎಟುಕುವಂಥದಾಗಿರಲಿಲ್ಲ. ಆತನು ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿ, ಬಿಡುವಿನ ವೇಳೆಯಲ್ಲಿ ಊರಿನ ವಿಶ್ವವಿದ್ಯಾನಿಲಯದ ಪಾಠಗಳನ್ನು ಕೇಳಿದನು. ಕೇಳಬಹುದಾಗಿತ್ತು, ಪದವಿ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ. ಆ ಎರಡು ಪ್ರಾಚೀನ ಭಾಷೆಗಳನ್ನರಿಯದವನಿಗೆ ಬಾಗಿಲು ಮುಚ್ಚಿತ್ತು. ಮುಂದೆ ಕಾನೂನು ಬದಲಾಗಿ, ವಿಜ್ಞಾನದ ವಿದ್ಯಾರ್ಥಿಗಳಿಗೆ ವಿನಾಯಿತಿ ದೊರೆತ ಮೇಲೆ, 1873ರಲ್ಲಿ ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ ಡಾಕ್ಟರ್ ಪದವಿಗಾಗಿ ಪ್ರಬಂಧವನ್ನೊಪ್ಪಿಸಿದನು. ಆಗ ಆತನು ಹೇಗ್ ನಗರದಲ್ಲಿ ಶಾಲಾ ಉಪಾಧ್ಯಾಯನು.

ಪ್ರಬಂಧದ ವಿಷಯವಾದರೂ ಏನು? ಅನಿಲದ ಮೇಲಣ ಒತ್ತಡವನ್ನು ಇಮ್ಮಡಿಸಿದರೆ ಅದರ ಗಾತ್ರ ಅರ್ಧವಾಗುವುದೆಂಬುದು ಬಾಯ್ಲನ ನಿಯಮ. ಇದನ್ನು ಅಕ್ಷರಶಃ ನಂಬಿದರೆ, ಎಷ್ಟು ಅಮುಕಿದರೂ ಅನಿಲವು ದ್ರವವಾಗಲಾರದು. ಆದರೆ ಇಂಗಾಲದ ಡೈಆಕ್ಸೈಡು ಸುಮಾರು 31 ಡಿಗ್ರಿ ಸೆಂಟಿಗ್ರೇಡಿನ ಕೆಳಗೆ ಒತ್ತಡಕ್ಕೆ ಮಣಿದು ದ್ರವವಾಗುವುದೆಂದೂ, ಅದರ ಮೇಲೆ ಎಷ್ಟು ಒತ್ತಿದರೂ ಆಗದೆಂದೂ ಆಂಡ್ರೂಸನು 1869ರಲ್ಲಿ ತೋರಿಸಿದ್ದನು. ಇದಕ್ಕೆ ವಾನ್ ಡರ್ ವಾಲ್ಸನು ಹೇಳಿದ ಕಾರಣಗಳು ಎರಡು. ಅಣುಗಳು ಬರಿಯ ಬಿಂದುಗಳಲ್ಲ, ಅವೂ ಸ್ಥಳವನ್ನಾಕ್ರಮಿಸುತ್ತವೆ. ಜಾತ್ರೆಯ ಬಯಲಿನಲ್ಲಿ ಜನ ನಿಂತ ಜಾಗವನ್ನು ಕಳೆದು ಉಳಿದುದಷ್ಟೇ ಓಡಾಟಕ್ಕೆ ದೊರೆಯುವಂತೆ. ಎರಡನೆಯದಾಗಿ, ಅವು ಒಂದನ್ನೊಂದು ಸೆಳೆಯುತ್ತವೆ. ಕಾವು ಹೆಚ್ಚಿದ್ದಾಗ ಅಣುಗಳ ಓಟ ಈ ಸೆಳೆತವನ್ನು ಮೀರುತ್ತದೆ. ತಗ್ಗಿದಾಗ ಸೆಳೆತವೇ ಗೆಲ್ಲುತ್ತದೆ, ಅನಿಲವು ದ್ರವವಾಗುತ್ತದೆ. ಈ ಎರಡನ್ನೂ ಸೇರಿಸಿದ ಒಂದೇ ಸಮೀಕರಣ ಎರಡು ಸ್ಥಿತಿಗಳಿಗೂ ಅನ್ವಯಿಸಿತು. ಅಣುಗಳೆಂಬವು ನಿಜವಾಗಿ ಉಂಟೇ ಎಂದು ಪಂಡಿತರೇ ಸಂದೇಹಪಡುತ್ತಿದ್ದ ಕಾಲವದು.

ಪ್ರಬಂಧವು ಡಚ್ ಭಾಷೆಯಲ್ಲಿತ್ತು. ಇಂಗ್ಲೆಂಡಿನ ಮ್ಯಾಕ್ಸ್‌ವೆಲ್ಲನು ಅದನ್ನು ಮೆಚ್ಚಿ, ಈ ಕೃತಿಯ ದೆಸೆಯಿಂದ ಆ ಭಾಷೆಯ ಕಲಿಕೆಗೆ ಮನಸ್ಸಿಟ್ಟ ಜಿಜ್ಞಾಸುಗಳುಂಟೆಂದು ಬರೆದನು. 1877ರಲ್ಲಿ ವಾನ್ ಡರ್ ವಾಲ್ಸನು ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾನಿಲಯದ ಮೊದಲ ಭೌತಶಾಸ್ತ್ರ ಪ್ರಾಧ್ಯಾಪಕನಾದನು. 1881ರಲ್ಲಿ ಪತ್ನಿ ಕ್ಷಯದಿಂದ ತೀರಿಕೊಂಡಾಗ ಸುಮಾರು ಹತ್ತು ವರ್ಷ ಲೇಖನಿ ಮೂಕವಾಯಿತು. 1890ರಲ್ಲಿ ಮಿಶ್ರಣಗಳ ಸಿದ್ಧಾಂತದೊಡನೆ ಮತ್ತೆ ಮಾತಾಡಿತು. ಆತನ ನಿಯಮಗಳ ಬೆಳಕಿನಲ್ಲಿ ನಡೆದು ಕಾಮರ್ಲಿಂಗ್ ಆನೆಸನು 1908ರಲ್ಲಿ, ಸೊನ್ನೆಗಿಂತ ಸುಮಾರು 269 ಡಿಗ್ರಿ ಕೆಳಗೆ, ಹೀಲಿಯಮ್ಮನ್ನು ದ್ರವವಾಗಿಸಿದನು. 1910ರಲ್ಲಿ ನೊಬೆಲ್ ಪಾರಿತೋಷಿಕ ಬಂದಿತು. 1923ರಲ್ಲಿ ಆತನು ಕಾಲವಾದನು. ಸೆಳೆತದ ಮೂಲವನ್ನು ಕ್ವಾಂಟಮ್ ಶಾಸ್ತ್ರದಿಂದ ಲಂಡನ್ ಎಂಬ ವಿದ್ವಾಂಸನು ವಿವರಿಸಿದುದು 1930ರಲ್ಲಿ.

ಈ ಸಮೀಕರಣವನ್ನು ನಾವು ಎಷ್ಟೋ ವರ್ಷಗಳಿಂದ ಕರಿಹಲಗೆಯ ಮೇಲೆ ಬರೆಯುತ್ತಿದ್ದೇವೆ. ಹಳ್ಳಿಯಿಂದ ಬಂದ ಹುಡುಗ ಇಂಗ್ಲಿಷಿನಲ್ಲಿ ತಡವರಿಸಿದಾಗ, ಅವನಿಗೆ ವಿಷಯವೇ ತಿಳಿದಿಲ್ಲವೆಂದು ನಾವೂ ಅಂಕಗಳನ್ನು ಕಳೆದುದುಂಟು. ಲೈಡನ್ನಿನ ಬಾಗಿಲಲ್ಲಿ ನಿಂತಿದ್ದ ಬಡಗಿಯ ಮಗನ ಕಥೆಯನ್ನು ಓದಿದ ಮೇಲೆ, ಉತ್ತರಪತ್ರಿಕೆಗಳನ್ನು ತಿದ್ದುವಾಗ ನಮ್ಮ ಕೆಂಪು ಪೆನ್ಸಿಲು ಒಂದು ಕ್ಷಣ ತಡೆಯುತ್ತದೆ.