ಚಳಿಯನ್ನು ಬೇಡುವ ಪೊದೆ

ಮಾವು ಹೂವಾದಾಗ ಮಂಜು ಕವಿದರೆ ನಮ್ಮ ತೋಟಿಗನ ಎದೆ ನಡುಗುತ್ತದೆ. ಉತ್ತರ ಅಮೆರಿಕದ ಬ್ಲೂಬೆರಿಯ ರೀತಿ ಇದಕ್ಕೆ ವಿಪರೀತವಾದುದು. ಅಲ್ಲಿನ ಶೀತಪ್ರದೇಶದ ಎತ್ತರದ ಜಾತಿಗೆ ಪ್ರತಿ ಚಳಿಗಾಲದಲ್ಲಿಯೂ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಶೈತ್ಯವು ಸುಮಾರು 800 ರಿಂದ 1,000 ಗಂಟೆಗಳ ಕಾಲ ದೊರೆಯದಿದ್ದರೆ ಮೊಗ್ಗುಗಳು ಸರಿಯಾಗಿ ಒಡೆಯವು. ಆದುದರಿಂದ ಇದು ಧಾರವಾಡ, ತುಮಕೂರುಗಳ ಹಿತ್ತಿಲಿಗೆ ಸಲ್ಲದು. ಆ ಹಿಮದ ನಾಡಿನಲ್ಲಿ ಮನೆಮಾಡಿರುವ ಕನ್ನಡಿಗರಿಗೆ ಸಲ್ಲುತ್ತದೆ.

ಕಪ್ಪುನೀಲಿಯ ಈ ಪುಟ್ಟ ಹಣ್ಣು ನೋಟಕ್ಕೆ ನಮ್ಮ ಕವಳೆಯನ್ನು ನೆನಪಿಗೆ ತರುತ್ತದೆ. ಕವಳೆಗೆ ಅಮರಸಿಂಹನು ಹೇಳಿದ ‘ಕೃಷ್ಣಪಾಕಫಲ’ವೆಂಬ ಹೆಸರು ಇದಕ್ಕೂ ಒಪ್ಪೀತು, ಕುಲ ಮಾತ್ರ ಬೇರೆ.

ಕಾಡಿನಲ್ಲಿ ತಾನಾಗಿ ಹಬ್ಬುವ ಪೊದೆಯು ತೋಟಕ್ಕೆ ತಂದೊಡನೆ ಸೊರಗುತ್ತಿದ್ದುದೇಕೆ? ಅಮೆರಿಕದ ಕೃಷಿ ಇಲಾಖೆಯ ಸಸ್ಯಶಾಸ್ತ್ರಜ್ಞ ಫ್ರೆಡರಿಕ್ ಕೋವಿಲ್ ಅವರು 1906ರಲ್ಲಿ ಪ್ರಯೋಗಗಳನ್ನು ಆರಂಭಿಸಿ, ಈ ಗಿಡಕ್ಕೆ ಹುಳಿಮಣ್ಣೇ ಬೇಕೆಂಬುದನ್ನು 1910ರಲ್ಲಿ ಪ್ರಕಟಿಸಿದರು. ಗೊಬ್ಬರ ತುಂಬಿದ ಫಲವತ್ತಾದ ಮಣ್ಣೇ ಅದಕ್ಕೆ ಮಾರಕವಾಗಿತ್ತು! ಅದನ್ನೋದಿದ ನ್ಯೂಜೆರ್ಸಿಯ ಎಲಿಜಬೆತ್ ವೈಟ್ ಅವರು ಕೋವಿಲ್ಲರೊಡನೆ ಕೈಗೂಡಿಸಿದರು. ಕಾಡು ಬಲ್ಲ ನೆರೆಹೊರೆಯವರಿಗೆ ಹಣ ಕೊಟ್ಟು ದೊಡ್ಡ ಹಣ್ಣಿನ ಪೊದೆಗಳನ್ನು ಅರಸಿ ತರಿಸಿ, ಕಂಡವರ ಹೆಸರನ್ನೇ ಪೊದೆಗಳಿಗಿಟ್ಟರು. ರೂಬ್ ಲೀಕ್ ಎಂಬಾತ ಕಂಡ ಪೊದೆ ‘ರೂಬೆಲ್’ ಎಂಬ ತಳಿಯಾಗಿ ಇಂದಿಗೂ ಉಳಿದಿದೆ. ಇವರು ಬೆಳೆಸಿದ ಹಣ್ಣು 1916ರಲ್ಲಿ ಮೊದಲ ಬಾರಿಗೆ ಮಾರುಕಟ್ಟೆಯನ್ನು ಕಂಡಿತು.

ಮನೆಯಂಗಳದಲ್ಲಿ ನೆಡುವವರು ಮೊದಲು ಮಣ್ಣನ್ನು ಪರೀಕ್ಷಿಸಬೇಕು. ಪಿಎಚ್ ಅಂಕ 4.5 ರಿಂದ 5ರ ಆಸುಪಾಸಿನಲ್ಲಿರಬೇಕು. ಹೆಚ್ಚಿದ್ದರೆ ನೆಡುವ ಒಂದು ವರ್ಷ ಮುನ್ನವೇ ಗಂಧಕದ ಪುಡಿಯನ್ನು ಬೆರೆಸತಕ್ಕದ್ದು. ಒಲೆಯ ಬೂದಿಯನ್ನು ಗಿಡದ ಬುಡಕ್ಕೆ ಸುರಿಯುವ ನಮ್ಮವರ ರೂಢಿ ಇಲ್ಲಿ ಸರ್ವಥಾ ಕೂಡದು. ಬೂದಿಯಾಗಲಿ ಸುಣ್ಣವಾಗಲಿ ಹುಳಿಯನ್ನು ಕಳೆದು, ಎಲೆಗಳು ಹಳದಿಯಾಗಿ ವರ್ಷಗಳ ಆರೈಕೆ ವ್ಯರ್ಥವಾಗುತ್ತದೆ. ಬೇರುಗಳು ಮೇಲುಮೇಲಕ್ಕೇ ಹರಡುವುದರಿಂದ ಆಳವಾಗಿ ಅಗೆಯದೆ, ಮರದ ಹೊಟ್ಟು ಅಥವಾ ಪೈನ್ ತೊಗಟೆಯನ್ನು ಹೊದಿಸಿ ತೇವವನ್ನು ಕಾಪಾಡಬೇಕು. ಎರಡು ತಳಿಗಳನ್ನು ಜೊತೆಗೆ ನೆಟ್ಟರೆ ಕಾಯಿ ದಪ್ಪವಾಗುತ್ತದೆ. ಕಡುಚಳಿಯ ಊರುಗಳಿಗೆ ಮಿನ್ನೆಸೋಟ ವಿಶ್ವವಿದ್ಯಾಲಯವು 1983ರಲ್ಲಿ ಹೊರತಂದ ‘ನಾರ್ತ್‌ಬ್ಲೂ’ ಲೇಸು. ಗಿಡ್ಡವಾದ ಅದಕ್ಕೆ ಬಿದ್ದ ಹಿಮವೇ ಕಂಬಳಿಯಾಗುತ್ತದೆ.

ಮೊದಲೆರಡು ವರ್ಷ ಹೂಗಳನ್ನು ಚಿವುಟಬೇಕೆಂಬುದು ನೆಟ್ಟವರಿಗೆ ಕಷ್ಟವೇ ಸರಿ. ಆದರೆ ಬೇರಿನ ಬಲ ಬರುವುದು ಅದರಿಂದ. ಹಣ್ಣು ನೀಲಿಯಾದ ದಿನವೇ ಕೀಳದೆ ಕೆಲವು ದಿನ ಬಿಟ್ಟರೆ ಸಿಹಿ ತುಂಬುತ್ತದೆ. ಆ ದಿನಗಳಲ್ಲಿ ಹಕ್ಕಿಗಳೂ ಅದನ್ನೇ ಕಾದಿರುವುದರಿಂದ ಪೊದೆಗೆ ಬಲೆ ಹೊದಿಸತಕ್ಕದ್ದು.