ಪುಟ್ಟ ಲೆನ್ಸ್, ಮೈಲಾಪುರದ ಬಿಸಿಲು

ಪ್ರಶ್ನೆ: ನನ್ನ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾದ 50 ಮಿ.ಮೀ. ಲೆನ್ಸ್ ಇಷ್ಟು ಪುಟ್ಟದೇಕೆ? ಅದೊಂದರಿಂದಲೇ ಬೀದಿ ಚಿತ್ರ ತೆಗೆಯಬಹುದೇ?
– ಓದುಗರೊಬ್ಬರು, ಚೆನ್ನೈ

ಉತ್ತರ: ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿರುವ ಕನ್ನಡಿ ರೇಂಜ್‌ಫೈಂಡರಿನೊಳಗಿಲ್ಲ. ಹಾಗಾಗಿ ಲೆನ್ಸ್ ಫಿಲ್ಮಿನ ಹತ್ತಿರಕ್ಕೇ ಹೋಗಿ ಕೂರಬಹುದು. ಲೈಕಾದ ಹಳೆಯ ಎಲ್ಮಾರ್ ಲೆನ್ಸನ್ನಂತೂ ಕ್ಯಾಮೆರಾದೊಳಕ್ಕೆ ತಳ್ಳಿಡಬಹುದಿತ್ತು. ಮೇಲಾಗಿ ನೀವು ನೋಡುವುದು ಪಕ್ಕದ ಕಿಂಡಿಯಿಂದ. ಲೆನ್ಸ್ ದಪ್ಪವಾದರೆ ನೋಟಕ್ಕೇ ಅಡ್ಡ.

ಬೀದಿ ಚಿತ್ರವನ್ನು ಅದೊಂದರಿಂದಲೇ ಖಂಡಿತ ತೆಗೆಯಿರಿ. ಹೆಸರಾಂತ ಛಾಯಾಗ್ರಾಹಕ ಕಾರ್ಟಿಯೆ ಬ್ರೆಸಾನ್ ಹೆಚ್ಚಾಗಿ ನೆಚ್ಚಿದ್ದು 50 ಮಿ.ಮೀ. ಲೆನ್ಸನ್ನೇ. 1950ರ ಏಪ್ರಿಲ್‌ನಲ್ಲಿ ತಿರುವಣ್ಣಾಮಲೈಗೆ ಬಂದು ರಮಣ ಮಹರ್ಷಿಗಳ ಕೊನೆಯ ದಿನಗಳನ್ನು ಸೆರೆಹಿಡಿದವರು ಅವರು. ನಿಮ್ಮೂರಿನ ಮೈಲಾಪುರದ ಮಾಡವೀದಿಯ ಚುರುಕು ಬಿಸಿಲಿಗೆ 100 ಐಎಸ್‌ಒ ಫಿಲ್ಮ್, ಎಫ್/8, 1/500 ಸೆಕೆಂಡ್ ಸಾಕು. ಫೋಕಸನ್ನು 5 ಮೀಟರಿಗೆ ನಿಲ್ಲಿಸಿದರೆ ಸುಮಾರು ಮೂರೂವರೆಯಿಂದ ಒಂಬತ್ತೂವರೆ ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಹೂವಾಡಗಿತ್ತಿ ತಲೆಯೆತ್ತಿದ ಕ್ಷಣದಲ್ಲಿ ಫೋಕಸ್ ಉಂಗುರ ತಿರುಗಿಸುತ್ತ ಕೂರಬೇಕಿಲ್ಲ. ಈ ಕ್ಯಾಮೆರಾದ ನಿಜವಾದ ಸುಖ ಇದೇ.

ಆದರೆ ಶಟರ್ ಬಟ್ಟೆಯದಾಗಿದ್ದರೆ ಮುಚ್ಚಳವಿಲ್ಲದ ಲೆನ್ಸನ್ನು ಸೂರ್ಯನತ್ತ ತಿರುಗಿಸಿಡಬೇಡಿ. ತಡೆಯುವ ಕನ್ನಡಿಯಿಲ್ಲದ್ದರಿಂದ ಬಟ್ಟೆ ಸುಟ್ಟು ತೂತಾಗುತ್ತದೆ. ಕಡಲತೀರದ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುವುದೂ ಉಂಟು. ಕ್ಯಾಮೆರಾವನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ.